ಹಾಡು ಡೌನ್‌ಲೋಡ್: ಆ್ಯಪ್, ಖರೀದಿ, ಸಿಡಿ, ಪೆನ್‌ಡ್ರೈವ್ ಕೌಂಟರ್ – ಯಾವುದು ಬಾಳಿಕೆ ಬರುತ್ತದೆ?

ಮಿಕ್ಸರ್ ಇರಲಿ, ಛತ್ರಿ ಇರಲಿ, ಒಂದು ಜೋಡಿ ಚಪ್ಪಲಿಯೇ ಇರಲಿ, ಹುಬ್ಬಳ್ಳಿ ಪೇಟೆಯಲ್ಲಿ ಗಿರಾಕಿ ಕೇಳುವ ಮೊದಲ ಮಾತು ‘ಬಾಳಿಕಿ ಬರ್ತದೇನ್ರಿ?’ ಎಂದೇ. ಹಾಡಿನ ವಿಷಯದಲ್ಲಿ ಮಾತ್ರ ಈ ಪ್ರಶ್ನೆ ಕೇಳುವುದನ್ನು ಮರೆತಿದ್ದೇವೆ. ತಿಂಗಳ ಚಂದಾ ಕಟ್ಟಿ, ಆ್ಯಪ್‌ನಲ್ಲಿ ಕೆಳಮುಖ ಬಾಣದ ಗುರುತು ಒತ್ತಿ, ಡೌನ್‌ಲೋಡ್ ಮುಗಿದ ಕೂಡಲೇ ಹಾಡು ನಮ್ಮದಾಯಿತು ಎಂದುಕೊಳ್ಳುತ್ತೇವೆ. ಅದು ನಮ್ಮದಾಗಿರುವುದಿಲ್ಲ. ಚಂದಾ ನಿಂತ ದಿನ ಹಾಡೂ ನಿಲ್ಲುತ್ತದೆ.

ಅವಳಿ ನಗರದಲ್ಲಿ ಹಾಡು ಎಂದರೆ 4 ನಿಮಿಷದ ಚಿತ್ರಗೀತೆ ಅಷ್ಟೇ ಅಲ್ಲ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ ಇವರನ್ನು ಕೇಳಿ ಬೆಳೆದ ಮನೆಗಳು ಇಲ್ಲಿವೆ. ಅರ್ಧ ತಾಸು, ಮುಕ್ಕಾಲು ತಾಸಿನ ಒಂದೇ ರಾಗವನ್ನು ಕೂತು ಕೇಳುವ ಮಂದಿ ಇದ್ದಾರೆ. ಅಂಥ ಕೇಳುಗರಿಗೆ ಬೇಕಾದದ್ದು ಮೂರು. ಇವತ್ತು ತಂದ ಫೈಲು ಹತ್ತು ವರ್ಷದ ಮೇಲೂ ತೆರೆಯಬೇಕು. ನಿಧಾನಗತಿಯ ವಿಲಂಬಿತ ಮುಗಿದು ವೇಗದ ದ್ರುತ ಹಿಡಿಯುವ ಜಾಗದಲ್ಲಿ ಕಡಿಯಬಾರದು. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ, ನೆಟ್‌ವರ್ಕ್ ಇಲ್ಲದ ಕಡೆ, ಕಾರಿನ ಸ್ಟೀರಿಯೋದಲ್ಲಿ ನುಡಿಯಬೇಕು. ಹಾಡು ಪಡೆಯುವ ನಾಲ್ಕು ದಾರಿಗಳನ್ನು ಈ ಮೂರು ಅಳತೆಗೋಲಿನಿಂದ ನೋಡೋಣ.

ಮೊದಲು ತೂಕದ ಲೆಕ್ಕ, ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ. ಸಿಡಿಯಲ್ಲಿರುವ ಧ್ವನಿ ಸೆಕೆಂಡಿಗೆ 1411 ಕಿಲೋಬಿಟ್. ಒಂದು ತಾಸಿನ ಹಾಡುಗಾರಿಕೆ ಎಂದರೆ ಸುಮಾರು 635 ಎಂಬಿ. ಅದನ್ನೇ ಫ್ಲ್ಯಾಕ್ (ಧ್ವನಿ ಕಳೆಯದೆ ಫೈಲನ್ನು ಕುಗ್ಗಿಸುವ ರೂಪ) ಮಾಡಿದರೆ ಒಂದು ಹನಿಯೂ ಸೋರದೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎಡ-ಬಲ ಎರಡೂ ಒಂದೇ ಇರುವ ಹಳೆಯ ಮೋನೋ ಧ್ವನಿಮುದ್ರಣವಾದರೆ ಇನ್ನೂ ಕಡಿಮೆ. 320 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ಎಂಪಿ3 ಆದರೆ 144 ಎಂಬಿ, ಅದರಂತೆಯೇ ಕುಗ್ಗಿಸುವ ಇನ್ನೊಂದು ರೂಪವಾದ ಎಎಸಿ 256ರಲ್ಲಿ ಆದರೆ 115, 128ರ ಎಂಪಿ3 ಆದರೆ 58. ಎಂಪಿ3 ತೂಕ ಇಳಿಸುವುದು ಕಿವಿಗೆ ಗೊತ್ತಾಗದು ಎಂದು ಅದು ಅಂದಾಜು ಮಾಡಿದ ಭಾಗವನ್ನು ಬಿಸಾಡಿ. ಬಿಸಾಡಿದ್ದು ಮರಳಿ ಬರುವುದಿಲ್ಲ. ಡೊಳ್ಳು, ಡಿಜೆ ಹಾಡಿಗೆ 128 ನಡೆದೀತು. ತಂಬೂರಿಗೆ ನಡೆಯುವುದಿಲ್ಲ. ತಂತಿ ಕುದುರೆಗೆ ತಾಗಿ ಹುಟ್ಟುವ ಜವಾರಿಯ ಝೇಂಕಾರ ನೀರುನೀರಾಗುತ್ತದೆ, ತಬಲಾದ ಕಿನಾರಿನ (ಅಂಚಿನ) ಪೆಟ್ಟಿಗೆ ಮೊನೆ ಇರುವುದಿಲ್ಲ.

ಈಗ ಆ್ಯಪ್‌ಗಳು. ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್, ಆ್ಯಪಲ್ ಮ್ಯೂಸಿಕ್, ಜಿಯೋಸಾವನ್ – ಹೆಸರು ಬೇರೆ, ಡೌನ್‌ಲೋಡ್ ಮಾಡಿದ ಹಾಡಿನ ಹಣೆಬರಹ ಒಂದೇ. ಫೋನಿಗೆ ಇಳಿಯುವುದು ಗೂಢಲಿಪಿಯಲ್ಲಿ ಬೀಗ ಹಾಕಿದ ತುಣುಕುಗಳು. ಕೀಲಿ ಕಂಪನಿಯ ಸರ್ವರ್‌ನಲ್ಲಿ, ನಿಮ್ಮ ಖಾತೆಯ ಹೆಸರಿನಲ್ಲಿ ಇರುತ್ತದೆ. ಈ ಬೀಗದ ವ್ಯವಸ್ಥೆಗೇ ಡಿಆರ್‌ಎಂ ಎನ್ನುವುದು. ಸ್ಪಾಟಿಫೈ ಒಂದು ಸಾಧನಕ್ಕೆ 10,000 ಹಾಡುಗಳಂತೆ 5 ಸಾಧನಗಳಿಗೆ ಅವಕಾಶ ಕೊಡುತ್ತದೆ. ಆರನೆಯದಕ್ಕೆ ಇಳಿಸಲು ಹೋದರೆ, ತೀರಾ ಕಡಿಮೆ ಬಳಸಿದ ಸಾಧನದಲ್ಲಿದ್ದದ್ದೆಲ್ಲ ಅಳಿದುಹೋಗುತ್ತದೆ. ಅಪ್ಪನ ಹಳೆಯ ಟ್ಯಾಬಿನಲ್ಲಿ ತುಂಬಿಟ್ಟ ಇಡೀ ಸಂಗ್ರಹ ಹೇಳದೆ ಕೇಳದೆ ಖಾಲಿಯಾಗಲು ಬಹುಪಾಲು ಇದೇ ಕಾರಣ. ಎರಡನೆಯ ಕಾರಣ 30 ದಿನದ ಕಟ್ಟಳೆ. ತಿಂಗಳಿಗೆ ಒಮ್ಮೆಯಾದರೂ ಆ ಸಾಧನ ಇಂಟರ್‌ನೆಟ್ಟಿಗೆ ಹೋಗಿ ‘ಚಂದಾ ಚಾಲ್ತಿಯಲ್ಲಿದೆ’ ಎಂದು ಹೇಳಿಸಿಕೊಂಡು ಬರಬೇಕು. ಯೂಟ್ಯೂಬ್ ಮ್ಯೂಸಿಕ್ಕಿನದೂ ಇದೇ ಕಟ್ಟಳೆ. ಸಿಮ್ ಇಲ್ಲದ ಹಳೆಯ ಫೋನನ್ನು ಹಾಡಿಗೆಂದೇ ದೇವರ ಕೋಣೆಯಲ್ಲಿ ಇಟ್ಟಿದ್ದರೆ ತಿಂಗಳಿಗೊಮ್ಮೆ ಹಾಟ್‌ಸ್ಪಾಟ್ ಕೊಟ್ಟು ಆ್ಯಪ್ ತೆರೆದಿಡಿ. ಫೋನಿನ ಮೆಮರಿ ಕಾರ್ಡಿಗೆ ಇಳಿಸಿ, ಆ ಕಾರ್ಡನ್ನು ಬೇರೆ ಫೋನಿಗೆ ಹಾಕಿದರೆ ನುಡಿಯುವುದಿಲ್ಲ. ಆ್ಯಪ್ ತೆಗೆದು ಮತ್ತೆ ಹಾಕಿದರೆ, ‘ಕ್ಲಿಯರ್ ಡೇಟಾ’ ಒತ್ತಿದರೆ ಎಲ್ಲವನ್ನೂ ಮೊದಲಿನಿಂದ ಇಳಿಸಬೇಕು. 100 ತಾಸಿನ ಸಂಗ್ರಹವನ್ನು 320ರಲ್ಲಿ ಮತ್ತೆ ಇಳಿಸುವುದೆಂದರೆ 14 ಜಿಬಿಗೂ ಹೆಚ್ಚು ಡೇಟಾ.

ಇದಕ್ಕಿಂತ ದೊಡ್ಡ ತೊಂದರೆ ನಮ್ಮ ಕೈಮೀರಿದ್ದು. ಹಾಡಿನ ಕಂಪನಿಗೂ ಆ್ಯಪ್‌ಗೂ ಇರುವ ಕರಾರು ಮುರಿದರೆ ಇಳಿಸಿಟ್ಟ ಹಾಡೂ ಬೂದುಬಣ್ಣಕ್ಕೆ ತಿರುಗುತ್ತದೆ. 2023ರ ಮಾರ್ಚ್‌ನಲ್ಲಿ ಝೀ ಮ್ಯೂಸಿಕ್‌ನ ಹಾಡುಗಳು ಸ್ಪಾಟಿಫೈನಿಂದ ಹೋದದ್ದು ಹೀಗೆಯೇ. ಆ್ಯಪ್ಪೇ ಮುಚ್ಚಿದರೆ ಇನ್ನೂ ಕಷ್ಟ. ರೆಸ್ಸೋ 2024ರ ಜನವರಿ 31ಕ್ಕೆ ಭಾರತದಲ್ಲಿ ನಿಂತಿತು, ಅದೇ ವರ್ಷ ಆಗಸ್ಟ್‌ನಲ್ಲಿ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಮುಚ್ಚುವುದಾಗಿ ಹೇಳಿತು. ಅಲ್ಲಿ ವರ್ಷಗಟ್ಟಲೆ ಜೋಡಿಸಿದ ಪಟ್ಟಿಗಳು, ಇಳಿಸಿದ ಹಾಡುಗಳು ಕೇಳುಗರ ಕೈಯಲ್ಲಿ ಉಳಿಯುವಂಥವಾಗಿರಲಿಲ್ಲ. ಫ್ಲಿಪ್‌ಕಾರ್ಟ್‌ನ ಫ್ಲೈಟ್ ಅಂಗಡಿಯ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2012ರಲ್ಲಿ ತೆರೆದು 2013ರ ಜೂನ್‌ನಲ್ಲಿ ಮುಚ್ಚಿದ ಅಂಗಡಿ ಅದು. ಆದರೆ ಮಾರಿದ್ದು ಬೀಗವಿಲ್ಲದ ಎಂಪಿ3. ಅವತ್ತು ಕೊಂಡು ಹಾರ್ಡ್‌ಡಿಸ್ಕಿಗೆ ಹಾಕಿಟ್ಟವರ ಫೈಲು ಇವತ್ತಿಗೂ ತೆರೆಯುತ್ತದೆ. ಅಂಗಡಿ ಹೋದರೂ ಸಾಮಾನು ಉಳಿಯಿತು.

ಹಾಗಂತ ಆ್ಯಪ್ ಬೇಡವೆಂದಲ್ಲ. ಯಾವ ರಾಗವನ್ನು ಯಾರು ಹೇಗೆ ಹಾಡಿದ್ದಾರೆ ಎಂದು ಹುಡುಕಿ ಕೇಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಗ್ರಂಥಾಲಯ ಎಂದುಕೊಂಡು ಬಳಸಬೇಕು, ಮನೆಯ ಕಪಾಟು ಎಂದುಕೊಳ್ಳಬಾರದು. ಶಾಸ್ತ್ರೀಯ ಕೇಳುವವರು ಮೂರು ಸೆಟ್ಟಿಂಗ್ ನೋಡಿಕೊಳ್ಳಬೇಕು. ಒಂದು ಹಾಡು ಮುಗಿಯುವ ಮೊದಲೇ ಮುಂದಿನದನ್ನು ಬೆರೆಸುವ ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ. ಇಲ್ಲವಾದರೆ ವಿಲಂಬಿತದ ಕೊನೆಯ ಆವರ್ತನದ ಮೇಲೆಯೇ ದ್ರುತದ ಮುಖಡಾ (ಮೊದಲ ಸಾಲು) ಬಂದು ಕೂರುತ್ತದೆ. ಎರಡು ಟ್ರ್ಯಾಕಿನ ನಡುವೆ ಖಾಲಿ ಬಿಡದ ಗ್ಯಾಪ್‌ಲೆಸ್ ಪ್ಲೇಬ್ಯಾಕ್ ಆನ್ ಇರಲಿ. ಡೌನ್‌ಲೋಡ್ ಗುಣಮಟ್ಟವನ್ನು ನಿಮ್ಮ ಯೋಜನೆಯಲ್ಲಿ ಸಿಗುವ ಅತಿ ಮೇಲಿನ ಹಂತಕ್ಕೆ ಏರಿಸಿ, ಯಾಕೆಂದರೆ ಆ್ಯಪ್ ತಾನಾಗಿ ಆರಿಸಿಕೊಳ್ಳುವುದು ಬಹುಪಾಲು ಕೆಳಗಿನ ಹಂತ. ಹುಡುಕುವಾಗ ರಾಗದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಕಾಗುಣಿತದಲ್ಲಿ ಹಾಕಿ ನೋಡಬೇಕು. ಭೀಮಪಲಾಸಿ ಒಂದೇ ಆ್ಯಪ್‌ನಲ್ಲಿ ನಾಲ್ಕು ವೇಷದಲ್ಲಿ ಕಾಣಿಸುತ್ತದೆ. ಒಂದೇ ಕಲಾವಿದರ ಹೆಸರು ಪಂಡಿತ್ ಸೇರಿಸಿ ಒಂದು, ಸೇರಿಸದೆ ಒಂದು ಎಂದು ಎರಡು ಪುಟಗಳಲ್ಲಿ ಒಡೆದಿರುವುದೂ ಉಂಟು.

ಎರಡನೆಯ ದಾರಿ, ಫೈಲನ್ನೇ ಖರೀದಿಸುವುದು. ಇದು ಇನ್ನೂ ಇದೆ ಎನ್ನುವುದೇ ಹೆಚ್ಚಿನವರಿಗೆ ಗೊತ್ತಿಲ್ಲ. ಆ್ಯಪಲ್‌ನ ಐಟ್ಯೂನ್ಸ್ ಸ್ಟೋರ್ 2003ರ ಏಪ್ರಿಲ್‌ನಲ್ಲಿ ಶುರುವಾದಾಗ ಫೇರ್‌ಪ್ಲೇ ಎಂಬ ಬೀಗ ಹಾಕಿಯೇ ಮಾರುತ್ತಿತ್ತು. ಕೊಂಡವರಿಗೆ ತೊಂದರೆ, ಕದಿಯುವವರಿಗೆ ಅಡ್ಡಿಯೇ ಇಲ್ಲ ಎನ್ನುವುದು ಹಾಡಿನ ಕಂಪನಿಗಳಿಗೆ ಅರ್ಥವಾಗಲು ಆರು ವರ್ಷ ಬೇಕಾಯಿತು. 2009ರಲ್ಲಿ ಬೀಗ ತೆಗೆದು 256ರ ಎಎಸಿ ಮಾಡಿದರು. ಭಾರತದಲ್ಲಿ ಈ ಅಂಗಡಿ ತೆರೆದದ್ದು 2012ರ ಡಿಸೆಂಬರ್‌ನಲ್ಲಿ. ಒಂದೇ ಕಂಪನಿಯ ಎರಡು ಫೈಲು ಪಕ್ಕಪಕ್ಕ ಇಟ್ಟರೆ ವಿಷಯ ಕಣ್ಣಿಗೇ ಕಾಣುತ್ತದೆ: ಚಂದಾದಿಂದ ಇಳಿಸಿದ್ದರ ಬಾಲದಲ್ಲಿ ‘ಎಂ4ಪಿ’ ಇರುತ್ತದೆ, ಕೊಂಡದ್ದರ ಬಾಲದಲ್ಲಿ ‘ಎಂ4ಎ’. ಪಿ ಎಂದರೆ ಬೀಗ ಇದೆ. ಎಂ4ಎ ಆದರೆ ವಿಎಲ್‌ಸಿಯಲ್ಲಿ, ಯಾವ ಆಂಡ್ರಾಯ್ಡ್ ಫೋನಿನಲ್ಲಾದರೂ ನೇರ ತೆರೆಯುತ್ತದೆ. ಅದರ ಒಳಗೆ ಕೊಂಡವರ ಹೆಸರು ಮತ್ತು ಖಾತೆಯ ಇಮೇಲ್ ಬರೆದಿರುತ್ತದೆ. ನುಡಿಸಲು ಅದು ಅಡ್ಡಿ ಮಾಡುವುದಿಲ್ಲ. ಫೈಲನ್ನು ಊರಿಗೆಲ್ಲ ಹಂಚಿದರೆ ಯಾರಿಂದ ಹೊರಟಿತು ಎಂದು ಹೇಳುತ್ತದೆ.

ಕೊಳ್ಳುವ ಕ್ರಮ ಇಷ್ಟು: ವಿಂಡೋಸ್ ಕಂಪ್ಯೂಟರಿನಲ್ಲಿ ಐಟ್ಯೂನ್ಸ್ ಹಾಕಿ, ದೇಶ ಭಾರತ ಎಂದಿರುವ ಆ್ಯಪಲ್ ಖಾತೆ ತೆರೆದು, ಯುಪಿಐನಿಂದ ಖಾತೆಗೆ ದುಡ್ಡು ತುಂಬಿ, ಸ್ಟೋರ್ ಎಂಬಲ್ಲಿ ಹುಡುಕಬೇಕು. ಐಫೋನಿನಲ್ಲೇ ಕೊಂಡರೂ ಆಗುತ್ತದೆ, ಆದರೆ ಅಲ್ಲಿಂದ ಪೆನ್‌ಡ್ರೈವಿಗೆ ತೆಗೆಯುವುದು ತಲೆನೋವು. ಕಂಪ್ಯೂಟರೇ ಸಲೀಸು. 10 ನಿಮಿಷ ಮೀರಿದ ಹಾಡುಗಳನ್ನು ಬಿಡಿಯಾಗಿ ಮಾರದೆ ಇಡೀ ಆಲ್ಬಮ್ ತೆಗೆದುಕೊಳ್ಳಿ ಎನ್ನುವುದು ಸಾಮಾನ್ಯ. ಉದ್ದದ ಖಯಾಲ್ ಹಾಡುಗಾರಿಕೆ ಕೊಳ್ಳುವವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಕೊಂಡ ಕೂಡಲೇ ಕಾಪಿ ತೆಗೆದು ಬೇರೆ ಕಡೆ ಇಡಿ. ಮತ್ತೆ ಇಳಿಸುವ ಸೌಲಭ್ಯ ಇದ್ದರೂ, ಆ ಆಲ್ಬಮ್ ಅಂಗಡಿಯಿಂದಲೇ ಎದ್ದುಹೋದರೆ ಅದನ್ನು ನಂಬಲಾಗದು.

ಕಲಾವಿದರೇ ಹಾಡು ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್ ಇನ್ನೂ ಉದಾರ. ಒಮ್ಮೆ ಕೊಂಡರೆ ಎಂಪಿ3, ಎಎಸಿ, ಫ್ಲ್ಯಾಕ್, ವೇವ್ ಯಾವ ರೂಪದಲ್ಲಿ ಬೇಕೋ ಅದರಲ್ಲಿ ಇಳಿಸಿಕೊಳ್ಳಬಹುದು. ಅಂಗಡಿಯ ಪಾಲು 15 ಪ್ರತಿಶತ, ಪಾವತಿಯ ಖರ್ಚು ಕಳೆದು ಉಳಿದದ್ದು ಹಾಡಿದವರಿಗೆ ಅಥವಾ ಅವರ ಲೇಬಲ್‌ಗೆ. ವಿದೇಶಿ ವಹಿವಾಟಿಗೆ ತೆರೆದ ಕಾರ್ಡ್ ಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿ, ಕೊಂಡು, ಮತ್ತೆ ಆಫ್ ಮಾಡಿ. ಕನ್ನಡದ ಹಳೆಯ ಸಂಗ್ರಹ ಅಲ್ಲಿ ತೀರಾ ತೆಳು. ಹೊಸದಾಗಿ ಹಾಡುತ್ತಿರುವವರು, ಸ್ವತಂತ್ರವಾಗಿ ಬಿಡುಗಡೆ ಮಾಡುವವರು ಸಿಗುತ್ತಾರೆ. ಧಾರವಾಡದ ಸಂಗೀತ ವಿದ್ಯಾರ್ಥಿಗಳು ತಮ್ಮದೇ ಧ್ವನಿಮುದ್ರಣ ಮಾರಲು ಈ ಅಂಗಡಿಯನ್ನು ಗಂಭೀರವಾಗಿ ನೋಡಬೇಕು.

ಮೂರನೆಯ ದಾರಿ ಸಿಡಿ. ಬಾಳಿಕೆ, ಗುಣಮಟ್ಟ ಎರಡರಲ್ಲೂ ಇದಕ್ಕೆ ಮೊದಲ ಸ್ಥಾನ. ಮನೆಯ ಕಪಾಟಿನಲ್ಲಿರುವ ಸಿಡಿಗಳನ್ನು ರದ್ದಿಗೆ ಹಾಕುವ ಮೊದಲು ಒಮ್ಮೆ ನೋಡಿ: ಆಡಿಯೋ ಸಿಡಿ ಯಾವುದು, ಎಂಪಿ3 ಸಿಡಿ ಯಾವುದು. ‘50 ಹಾಡುಗಳು’, ‘100 ಹಾಡುಗಳು’ ಎಂದು ಬರೆದದ್ದು ಎಂಪಿ3 ಸಿಡಿ. ಅದರಲ್ಲಿರುವುದು ಬರೀ ಫೈಲುಗಳು, ನೇರ ಕಾಪಿ ಮಾಡಿ, ಮುಗಿಯಿತು. ಎಂಟು ಹತ್ತು ಟ್ರ್ಯಾಕ್ ಇರುವುದು, ಒಟ್ಟು 80 ನಿಮಿಷದ ಒಳಗಿನದು ಆಡಿಯೋ ಸಿಡಿ. ಇದನ್ನು ರಿಪ್ ಮಾಡಬೇಕು, ಅಂದರೆ ಧ್ವನಿಯನ್ನು ಓದಿ ಕಂಪ್ಯೂಟರಿಗೆ ಫೈಲಾಗಿ ಇಳಿಸಬೇಕು.

ಈಗಿನ ಲ್ಯಾಪ್‌ಟಾಪುಗಳಲ್ಲಿ ಡ್ರೈವ್ ಇರುವುದಿಲ್ಲ, ಯುಎಸ್‌ಬಿಗೆ ಜೋಡಿಸುವ ಡಿವಿಡಿ ರೈಟರ್ ಸಾಕು. ತಂತ್ರಾಂಶ ಎಕ್ಸಾಕ್ಟ್ ಆಡಿಯೋ ಕಾಪಿ, ವಿಂಡೋಸ್‌ಗೆ, ಉಚಿತ. ಸಾದಾ ಪ್ಲೇಯರ್‌ಗಳಲ್ಲಿ ರಿಪ್ ಮಾಡಿದರೆ ಗೀರು ಬಂದ ಕಡೆ ತಂತ್ರಾಂಶ ಊಹಿಸಿ ತುಂಬಿಬಿಡುತ್ತದೆ. ಕೇಳುವಾಗ ಸಣ್ಣ ‘ಚಿಟ್’ ಸದ್ದು ಅಥವಾ ಅರೆಕ್ಷಣದ ಮೌನ. ಎಕ್ಸಾಕ್ಟ್ ಆಡಿಯೋ ಕಾಪಿಯಲ್ಲಿ ಡ್ರೈವ್ ಆಯ್ಕೆಗಳಿಗೆ ಹೋಗಿ ‘ಸೆಕ್ಯೂರ್’ ವಿಧಾನ ಹಿಡಿಯಿರಿ. ಅನುಮಾನ ಬಂದ ಜಾಗವನ್ನು ಅದು ಮತ್ತೆ ಮತ್ತೆ ಓದಿ, ಹೊಂದಿಕೆಯಾದ ಮೇಲೆಯೇ ಮುಂದೆ ಹೋಗುತ್ತದೆ. ರಿಪ್ ಸರಿಯಾಗಿದೆಯೇ ಎಂದು ಜಗತ್ತಿನ ಇತರರ ರಿಪ್‌ಗಳ ಜೊತೆ ತಾಳೆ ನೋಡುವ ಆ್ಯಕ್ಯುರೇಟ್‌ರಿಪ್ ಎಂಬ ದತ್ತಸಂಚಯ ಇದೆ. ನಮ್ಮ ವಚನ, ಭಾವಗೀತೆ, ರಂಗಗೀತೆಗಳ ಸಿಡಿಗಳು ಬಹಳಷ್ಟು ಅದರಲ್ಲಿ ಸಿಗುವುದಿಲ್ಲ. ಅದಕ್ಕೇ ‘ಟೆಸ್ಟ್ ಆ್ಯಂಡ್ ಕಾಪಿ’ ಒತ್ತಬೇಕು. ಎರಡು ಸಲ ಓದುತ್ತದೆ, ಓದಿದ್ದರ ಗುರುತಾಗಿ ಎರಡು ಸಿಆರ್‌ಸಿ ಸಂಖ್ಯೆ ಕೊಡುತ್ತದೆ. ಎರಡೂ ಒಂದೇ ಇದ್ದರೆ ರಿಪ್ ಗಟ್ಟಿ. ಬೇರೆ ಬಂದರೆ ವರದಿಯಲ್ಲಿ ಯಾವ ನಿಮಿಷ, ಯಾವ ಸೆಕೆಂಡಿನಲ್ಲಿ ಅನುಮಾನ ಎಂದು ಬರೆದಿರುತ್ತದೆ. ಅಲ್ಲಿಗೇ ಹೋಗಿ ಕಿವಿಗೊಟ್ಟು ಕೇಳಿ.

ಓದದ ಸಿಡಿಯನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆ ನೇರವಾಗಿ ಒರೆಸಬೇಕು. ಗುಂಡಗೆ ಒರೆಸಿದರೆ ಬೀಳುವ ಗೀರು ಟ್ರ್ಯಾಕಿನ ಉದ್ದಕ್ಕೇ ಬಿದ್ದು, ಡ್ರೈವಿಗೆ ದೋಷ ಸರಿಪಡಿಸಿಕೊಳ್ಳಲು ಆಗುವುದಿಲ್ಲ. ಹೊಳೆಯುವ ಬದಿಯ ಸಣ್ಣ ಗೀರಿಗೆ ಹೆದರಬೇಕಿಲ್ಲ. ಚಿತ್ರ ಮುದ್ರಿಸಿದ ಮೇಲಿನ ಬದಿಯೇ ನಾಜೂಕು: ಪ್ರತಿಫಲಿಸುವ ಪದರ ಇರುವುದು ಆ ಬಣ್ಣದ ಕೆಳಗೇ, ಅಲ್ಲಿ ಕೆತ್ತಿಹೋದರೆ ಹಾಡೇ ಹೋದಂತೆ. ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ತೂತು ಕಂಡರೆ ಆ ಸಿಡಿಯನ್ನು ಮೊದಲು ರಿಪ್ ಮಾಡಿ, ಉಳಿದವು ಕಾಯಲಿ.

ಉಳಿಸುವುದು ಫ್ಲ್ಯಾಕ್‌ನಲ್ಲಿ. ಕುಗ್ಗಿಸುವ ಹಂತ 5 ಆಗಲಿ 8 ಆಗಲಿ ಧ್ವನಿ ಒಂದೇ, ಗಾತ್ರದಲ್ಲಿ ಮಾತ್ರ ತುಸು ಫರಕು. ಇಲ್ಲಿ ಶಾಸ್ತ್ರೀಯ ಕೇಳುವವರು ತಿಳಿಯಲೇಬೇಕಾದ ಒಂದು ಸಂಗತಿ ಇದೆ. ಎಂಪಿ3 ಧ್ವನಿಯನ್ನು 1152 ಮಾದರಿಗಳ ಕಂತೆಗಳಾಗಿ ಕಟ್ಟುತ್ತದೆ. ಒಂದು ಕಂತೆ ಎಂದರೆ ಸುಮಾರು 26 ಮಿಲಿಸೆಕೆಂಡ್. ಟ್ರ್ಯಾಕಿನ ಮೊದಲಿಗೂ ಕೊನೆಗೂ ಖಾಲಿ ತುಂಬಿ ಕಂತೆ ಪೂರ್ತಿ ಮಾಡುತ್ತದೆ. ಸಿಡಿಯಲ್ಲಿ ವಿಲಂಬಿತ ಒಂದು ಟ್ರ್ಯಾಕು, ದ್ರುತ ಇನ್ನೊಂದು, ಮಧ್ಯೆ ತಂಬೂರಿ ನಿಲ್ಲದೆ ಹರಿಯುತ್ತಿರುತ್ತದೆ. ಎಂಪಿ3 ಮಾಡಿದ ಕೂಡಲೇ ಆ ಸಂಧಿಯಲ್ಲಿ ತಂಬೂರಿ ಗಕ್ಕನೆ ಕಡಿದು ಮತ್ತೆ ಹುಟ್ಟುತ್ತದೆ. ಎಂಪಿ3 ತಯಾರಿಸುವ ಲೇಮ್ ಎನ್‌ಕೋಡರ್ ಖಾಲಿಯ ಲೆಕ್ಕವನ್ನು ಫೈಲಿನ ತಲೆಯಲ್ಲಿ ಬರೆದಿಡುತ್ತದೆ, ಒಳ್ಳೆಯ ಪ್ಲೇಯರ್‌ಗಳು ಅದನ್ನು ಓದಿ ಕತ್ತರಿಸುತ್ತವೆ. ಕಾರಿನ ಸ್ಟೀರಿಯೋಗಳು ಹೆಚ್ಚಾಗಿ ಓದುವುದಿಲ್ಲ. ಉಪಾಯ ಸರಳ: ಒಂದೇ ರಾಗದ ಟ್ರ್ಯಾಕುಗಳನ್ನು ಫ್ಲ್ಯಾಕ್ ಇದ್ದಾಗಲೇ ಒಂದಾಗಿ ಸೇರಿಸಿ, ಆಮೇಲೆ ಎಂಪಿ3 ಮಾಡಿ. ಫೂಬಾರ್2000, ಫ್ರೀಯಾಕ್ ಎಂಬ ತಂತ್ರಾಂಶಗಳೆರಡರಲ್ಲೂ ಒಂದೇ ಫೈಲಾಗಿ ಪರಿವರ್ತಿಸುವ ಆಯ್ಕೆ ಇದೆ.

ಸಿಡಿಗೂ ಬೀಗ ಹಾಕುವ ಪ್ರಯತ್ನ ನಡೆದಿತ್ತು. 2005ರಲ್ಲಿ ಸೋನಿ ಬಿಎಂಜಿ ತನ್ನ ಕೆಲವು ಸಿಡಿಗಳಲ್ಲಿ ಇಟ್ಟಿದ್ದ ಎಕ್ಸ್‌ಸಿಪಿ ತಂತ್ರಾಂಶ ವಿಂಡೋಸ್ ಒಳಗೆ ಅಡಗಿ ಕೂತು, ವೈರಸ್‌ಗಳಿಗೂ ಅಡಗುವ ಜಾಗ ಮಾಡಿಕೊಟ್ಟು, ಕೊನೆಗೆ ಕಂಪನಿ ಸಿಡಿಗಳನ್ನೇ ವಾಪಸು ಪಡೆಯಬೇಕಾಯಿತು. ಹಳೆಯ ಸಿಡಿ ಹಾಕುವಾಗ ತಾನಾಗಿ ಏನೋ ಇನ್‌ಸ್ಟಾಲ್ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ. ಆಟೋಪ್ಲೇ ಮೊದಲೇ ಆಫ್ ಇರಲಿ.

ಕಾಯ್ದೆಯ ಮಾತು ಇಲ್ಲೇ ಹೇಳುವುದು ಒಳ್ಳೆಯದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಖಾಸಗಿ, ಸ್ವಂತ ಬಳಕೆಗೆ ನ್ಯಾಯಬದ್ಧ ಅವಕಾಶ ಕೊಡುತ್ತದೆ. ನೀವು ಕೊಂಡ ಸಿಡಿಯನ್ನು ನಿಮ್ಮ ಫೋನಿಗೆ ಹಾಕಿಕೊಳ್ಳುವುದು ಆ ಆವರಣದ ಕೆಲಸ. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿಯುವುದು ಬೇರೆ ಮಾತು. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮಿನಡಿ ಅದಕ್ಕೆ 2 ವರ್ಷದವರೆಗೆ ಶಿಕ್ಷೆ, ಜೊತೆಗೆ ದಂಡ. ‘ಆ್ಯಪ್‌ನ ಹಾಡನ್ನು ಎಂಪಿ3 ಮಾಡಿಕೊಡುತ್ತೇವೆ’ ಎನ್ನುವ ತಂತ್ರಾಂಶಗಳ ಹಿಂದೆ ಬೀಳಬೇಡಿ. ಅವುಗಳಲ್ಲಿ ಅರ್ಧಕ್ಕರ್ಧ ಸ್ಪೀಕರಿಗೆ ಹೋಗುವ ಧ್ವನಿಯನ್ನೇ ಹಿಡಿದು ಮತ್ತೊಮ್ಮೆ ಹಿಂಡುವಂಥವು. ಟೊರೆಂಟ್ ಬಳಸುವವರು ಇನ್ನೊಂದನ್ನು ಗಮನಿಸಬೇಕು: ಅಲ್ಲಿ ಇಳಿಸಿಕೊಳ್ಳುವಾಗಲೇ ನಿಮ್ಮ ಕಂಪ್ಯೂಟರ್ ಬೇರೆಯವರಿಗೆ ಕಳಿಸುತ್ತಲೂ ಇರುತ್ತದೆ. ಅಂದರೆ ನೀವು ಹಂಚುವವರೂ ಆದಿರಿ.

ಧ್ವನಿಮುದ್ರಣದ ಹಕ್ಕು ಮುಗಿದ ನಿಧಿಯೂ ಇದೆ. ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ. 1965ರವರೆಗೆ ಪ್ರಕಟವಾದ ತಟ್ಟೆಗಳು 2026ರ ಹೊತ್ತಿಗೆ ಆ ಹಕ್ಕಿನಿಂದ ಹೊರಬಂದಿವೆ. ಅಬ್ದುಲ್ ಕರೀಂ ಖಾನ್, ಕುಂದಗೋಳದ ಸವಾಯಿ ಗಂಧರ್ವ, 1930ರ ದಶಕದ ಗಂಗೂಬಾಯಿ – ಇವರ 78 ಆರ್‌ಪಿಎಂ ತಟ್ಟೆಗಳು, ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ, ಇದರಲ್ಲಿ ಬರುತ್ತವೆ. ಹಾಡಿನ ಸಾಹಿತ್ಯಕ್ಕೆ, ಸ್ವರಸಂಯೋಜನೆಗೆ ಬೇರೆ ಹಕ್ಕು ಇರಬಹುದು, ಅದು ಕರ್ತೃವಿನ ಆಯುಷ್ಯದ ಮೇಲೆ 60 ವರ್ಷ. ಪಾರಂಪರಿಕ ಬಂದಿಶ್ (ರಾಗದ ಸಿದ್ಧ ರಚನೆ) ಆದರೆ ಆ ಚಿಂತೆ ಇಲ್ಲ. 1950ರ ದಶಕದಲ್ಲಿ ಹಾಡಿದ್ದಾದರೂ ಸಿಡಿಯಾಗಿ ಮೊದಲು ಹೊರಬಂದದ್ದು 1990ರ ದಶಕದಲ್ಲಾದರೆ ಲೆಕ್ಕ ಶುರುವಾಗುವುದು 1990ರ ದಶಕದಿಂದ. ಆಕಾಶವಾಣಿಯ ಭಂಡಾರದಿಂದ ತಡವಾಗಿ ಬಂದ ಸಿಡಿಗಳ ವಿಷಯದಲ್ಲಿ ಇದನ್ನು ನೋಡಿಕೊಳ್ಳಬೇಕು.

ಇನ್ನು ನಾಲ್ಕನೆಯದು, ಬಸ್ ನಿಲ್ದಾಣದ ಸುತ್ತ, ಮೊಬೈಲ್ ಅಂಗಡಿಗಳ ಸಾಲಿನಲ್ಲಿ ಇವತ್ತಿಗೂ ಉಳಿದಿರುವ ಪೆನ್‌ಡ್ರೈವ್ ಕೌಂಟರ್. ‘ಏನ್ ಹಾಕ್ಲಿರೀ? ಜಾನಪದ, ಡಿಜೆ, ಭಕ್ತಿಗೀತಿ ಎಲ್ಲಾ ಅದಾವ್ರೀ’ ಎಂದು ಕೇಳಿ, ಐದು ನಿಮಿಷದಲ್ಲಿ ಇಡೀ ಡ್ರೈವ್ ತುಂಬಿ ಕೊಡುತ್ತಾರೆ. ಟ್ರ್ಯಾಕ್ಟರಿಗೆ, ಟಂಟಂಗೆ, ಊರ ಜಾತ್ರೆಯ ಪೆಂಡಾಲಿಗೆ ಹಾಡು ಹೋಗುವುದು ಹೆಚ್ಚಾಗಿ ಇಲ್ಲಿಂದಲೇ. ಸೇವೆ ಚುರುಕು, ಮಾತು ಸೌಜನ್ಯದ್ದು. ಸರಕು ಮಾತ್ರ ಕೊಳ್ಳುವಂಥದ್ದಲ್ಲ.

ಮೊದಲನೆಯದಾಗಿ ಹಕ್ಕುದಾರರಿಗೆ ಇದರಲ್ಲಿ ಒಂದು ಪೈಸೆ ಹೋಗುವುದಿಲ್ಲ. ಹಾಡಿದ ಜಾನಪದ ಕಲಾವಿದ ಪಕ್ಕದ ತಾಲ್ಲೂಕಿನವನೇ ಆಗಿರುತ್ತಾನೆ. ಕೊಟ್ಟವರ ಮೇಲೆ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮು ಬಿದ್ದರೆ 6 ತಿಂಗಳಿಂದ 3 ವರ್ಷ ಶಿಕ್ಷೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಎರಡನೆಯದು ಗುಣಮಟ್ಟ. ಫೈಲಿನ ಮೇಲೆ 320 ಎಂದು ಬರೆದಿದ್ದರೂ ಒಳಗಿರುವುದು ಬಹಳ ಸಲ ಯೂಟ್ಯೂಬಿನಿಂದ ಎತ್ತಿದ್ದು. ಅಲ್ಲಿನ ಮೂಲವೇ ಸಾಮಾನ್ಯವಾಗಿ 128ರ ಎಎಸಿ ಅಥವಾ ಹೆಚ್ಚೆಂದರೆ 160ರ ಸುತ್ತಿನ ಓಪಸ್ ಎಂಬ ಇನ್ನೊಂದು ರೂಪ. ಅದನ್ನು 320 ಮಾಡಿದರೆ ಫೈಲು ದಪ್ಪವಾಗುತ್ತದೆ, ಹಾಡು ಆಗುವುದಿಲ್ಲ. ಹಾಲಿಗೆ ನೀರು ಬೆರೆಸಿ ದೊಡ್ಡ ಪಾತ್ರೆಗೆ ಸುರಿದ ಹಾಗೆ. ಪತ್ತೆ ಹಚ್ಚಲು ಸ್ಪೆಕ್ ಎಂಬ ಸಣ್ಣ ಉಚಿತ ತಂತ್ರಾಂಶ ಸಾಕು. ಫೈಲನ್ನು ಅದರ ಮೇಲೆ ಎಳೆದು ಬಿಟ್ಟರೆ ಬಣ್ಣದ ನಕ್ಷೆ ಬಿಡಿಸುತ್ತದೆ: ಅಡ್ಡಕ್ಕೆ ಸಮಯ, ಉದ್ದಕ್ಕೆ ಕಂಪನಸಂಖ್ಯೆ. ನಿಜವಾದ 320 ಆದರೆ ಬಣ್ಣ ಸುಮಾರು 20 ಕಿಲೋಹರ್ಟ್ಸ್‌ವರೆಗೆ ಏರುತ್ತದೆ. 128ರಿಂದ ಉಬ್ಬಿಸಿದ್ದಾದರೆ 16ರ ಹತ್ತಿರ ಗರಗಸದಿಂದ ಕೊಯ್ದಂತೆ ನೇರ ಗೆರೆ, ಅದರ ಮೇಲೆ ಬರೀ ಕಪ್ಪು. ಹಳೆಯ 78ರ ತಟ್ಟೆಗಳಿಗೆ ಈ ಪರೀಕ್ಷೆ ಹಚ್ಚಬೇಡಿ, ಅವುಗಳಲ್ಲಿ ಮೇಲಿನ ಕಂಪನಗಳೇ ಇರುವುದಿಲ್ಲ.

ಮೂರನೆಯದು ವೈರಸ್. ದಿನಕ್ಕೆ ಹತ್ತಾರು ಡ್ರೈವ್ ಕಚ್ಚುವ ಕಂಪ್ಯೂಟರ್ ಅದು. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಬದಲಾಗಿದ್ದರೆ ಒತ್ತಬೇಡಿ. ವಿಂಡೋಸ್‌ನಲ್ಲಿ ಫೈಲಿನ ಬಾಲ ಕಾಣುವಂತೆ ಸೆಟ್ಟಿಂಗ್ ಬದಲಿಸಿ: ‘ಹಾಡು.ಎಂಪಿ3.ಇಎಕ್ಸ್‌ಇ’ ಎಂದಿದ್ದರೆ ಅದು ಹಾಡಲ್ಲ.

ನಾಲ್ಕನೆಯದು ಡ್ರೈವೇ ನಕಲಿ ಇರುವುದು. 64 ಜಿಬಿ ಎಂದು ತೋರಿಸುತ್ತದೆ, ಒಳಗಿನ ಚಿಪ್ಪು 8 ಜಿಬಿಯದು. ಮೊದಲ 8 ಜಿಬಿ ಹಾಡು ಚೆನ್ನಾಗಿ ನುಡಿಯುತ್ತವೆ, ಮುಂದಿನವು ಹೆಸರಿಗೆ ಇರುತ್ತವೆ, ಒತ್ತಿದರೆ ಮೌನ ಅಥವಾ ಬೇರೆ ಹಾಡಿನ ತುಂಡು. ಹೊಸ ಡ್ರೈವ್ ತಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪರೀಕ್ಷಾ ತಂತ್ರಾಂಶ ಹಾಕಿ ಪೂರ್ತಿ ಬರೆದು ಓದಿಸಿ. ನಿಧಾನದ ಯುಎಸ್‌ಬಿ 2.0 ಡ್ರೈವ್ 64 ಜಿಬಿಗೆ ಎರಡು ತಾಸಿಗೂ ಹೆಚ್ಚು ತೆಗೆದುಕೊಂಡೀತು, ತೆಗೆದುಕೊಳ್ಳಲಿ. ಬಿಲ್ ಜೋಪಾನ ಇದ್ದರೆ ಅವತ್ತೇ ಮರಳಿಸಬಹುದು.

ಆದ್ದರಿಂದ ಕೌಂಟರಿನಲ್ಲಿ ಬಿಲ್ ಸಮೇತ ಖಾಲಿ ಡ್ರೈವ್ ಕೊಳ್ಳಿ, ಹಾಡು ಮನೆಯಲ್ಲಿ ತುಂಬಿ. ಕಾರಿಗೆ 32 ಜಿಬಿ ಧಾರಾಳ. 320ರ ಎಂಪಿ3 ಸುಮಾರು 220 ತಾಸು ಹಿಡಿಯುತ್ತದೆ. ಅದಕ್ಕಿಂತ ದೊಡ್ಡದು ಕೊಂಡರೆ ಹೊಸ ಕಿರಿಕಿರಿ: ಅಂಥವು ಎಕ್ಸ್‌ಫ್ಯಾಟ್ ಎಂಬ ಫೈಲು ಜೋಡಣೆಯಲ್ಲಿ ಬರುತ್ತವೆ, ಹಳೆಯ ಸ್ಟೀರಿಯೋ ‘ನೋ ಡಿವೈಸ್’ ಎನ್ನುತ್ತದೆ. ವಿಂಡೋಸ್‌ನ ಸಾದಾ ಫಾರ್ಮ್ಯಾಟ್ ಕಿಟಕಿ 32 ಜಿಬಿಗಿಂತ ದೊಡ್ಡದಕ್ಕೆ ಹಳೆಯ ಸ್ಟೀರಿಯೋ ಓದಬಲ್ಲ ಫ್ಯಾಟ್32 ಜೋಡಣೆಯನ್ನು ತೋರಿಸುವುದೇ ಇಲ್ಲ. ರೂಫಸ್ ಎಂಬ ತಂತ್ರಾಂಶ ಬಳಸಬೇಕಾಗುತ್ತದೆ.

ಹಾಡುಗಳ ಸಾಲು ಕೆಡುವುದು ಎಲ್ಲರೂ ದೂರುವ ವಿಷಯ. 01, 02 ಎಂದು ಹೆಸರಿಟ್ಟರೂ ಕಾರಿನಲ್ಲಿ ದ್ರುತ ಮೊದಲು, ವಿಲಂಬಿತ ಆಮೇಲೆ ಬರುತ್ತದೆ. ಹಲವು ಸ್ಟೀರಿಯೋಗಳು ಹೆಸರು ನೋಡುವುದಿಲ್ಲ, ಡ್ರೈವಿನ ಫ್ಯಾಟ್ ಪಟ್ಟಿಯಲ್ಲಿ ಯಾವುದು ಮೊದಲು ಬರೆದಿದೆಯೋ ಅದನ್ನು ಮೊದಲು ನುಡಿಸುತ್ತವೆ. ಹತ್ತು ಫೈಲು ಒಟ್ಟಿಗೆ ಆರಿಸಿ ಎಳೆದಾಗ ಯಾವುದನ್ನು ಹಿಡಿದು ಎಳೆದಿರೋ ಅದು ಮೊದಲು ಹೋಗಿಬಿಡುತ್ತದೆ. ಕಾಪಿ ಮುಗಿದ ಮೇಲೆ ಡ್ರೈವ್‌ಸಾರ್ಟ್ ಎಂಬ ತಂತ್ರಾಂಶ ಓಡಿಸಿದರೆ ಪಟ್ಟಿಯೇ ಸಾಲಾಗಿ ಕೂರುತ್ತದೆ. ಲಿನಕ್ಸ್‌ನಲ್ಲಿ ಅದಕ್ಕೆ ಫ್ಯಾಟ್‌ಸಾರ್ಟ್ ಇದೆ. ಮ್ಯಾಕ್‌ನಿಂದ ಕಾಪಿ ಮಾಡಿದ್ದರೆ ಚುಕ್ಕೆಯಿಂದ ಶುರುವಾಗುವ ಅಡಗಿದ ಫೈಲುಗಳನ್ನು ಅಳಿಸಿ, ಸ್ಟೀರಿಯೋ ಅವುಗಳನ್ನೂ ಹಾಡೆಂದು ತಿಳಿದು ತಡವರಿಸುತ್ತದೆ.

ಕನ್ನಡದ ಹೆಸರುಗಳು ಕಾರಿನ ಪರದೆಯ ಮೇಲೆ ಚೌಕ ಚೌಕವಾಗಿ ಕಂಡರೆ ಫೈಲಿನ ತಪ್ಪಲ್ಲ, ಸ್ಟೀರಿಯೋದಲ್ಲಿ ಕನ್ನಡ ಅಕ್ಷರವೇ ಇಲ್ಲ. ಮನೆಯ ಮೂಲಪ್ರತಿಯಲ್ಲಿ ಕನ್ನಡವನ್ನೇ ಇಡಿ, ಕಾರಿನ ಪ್ರತಿಗೆ ಮಾತ್ರ ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಇಂಗ್ಲಿಷ್ ಅಕ್ಷರದ ಹೆಸರು ಹಾಕಿ, ಆ ಮಾಹಿತಿ ಫೈಲಿನೊಳಗೆ ಬರೆಯುವ ಐಡಿ3 ಆವೃತ್ತಿ 2.3 ಇರಲಿ. ಶೀರ್ಷಿಕೆಯಲ್ಲಿ ಮೊದಲು ರಾಗ, ಆಮೇಲೆ ಹಾಡಿದವರು. ಸಣ್ಣ ಪರದೆಯಲ್ಲಿ ಕಾಣುವುದು ಮೊದಲ ಹತ್ತು ಹನ್ನೆರಡು ಅಕ್ಷರ ಮಾತ್ರ. ಮುಖಪುಟ ಚಿತ್ರ 500ಕ್ಕೆ 500 ಚುಕ್ಕೆ ಸಾಕು, ದೊಡ್ಡ ಚಿತ್ರ ತುಂಬಿದರೆ ಪ್ರತಿ ಹಾಡು ಶುರುವಾಗಲು ತಡವಾಗುತ್ತದೆ.

ಮೂಲ ಫ್ಲ್ಯಾಕ್ ಫೈಲುಗಳು ಒಂದೇ ಹಾರ್ಡ್‌ಡಿಸ್ಕಿನಲ್ಲಿ ಇರಬಾರದು. ಎರಡನೆಯ ಡಿಸ್ಕನ್ನು ಬೇರೆ ಮನೆಯಲ್ಲಿ, ಅಣ್ಣನ ಅಥವಾ ಮಗಳ ಮನೆಯಲ್ಲಿ ಇಡಿ. ವರ್ಷಕ್ಕೊಮ್ಮೆ ಎರಡನ್ನೂ ಜೋಡಿಸಿ, ಫೂಬಾರ್2000ನಲ್ಲಿ ಎಲ್ಲ ಫೈಲು ಆರಿಸಿ ‘ವೆರಿಫೈ ಇಂಟೆಗ್ರಿಟಿ’ ಓಡಿಸಿ. ಫ್ಲ್ಯಾಕ್ ತನ್ನೊಳಗೇ ಧ್ವನಿಯನ್ನು ತಾಳೆ ನೋಡುವ ಎಂಡಿ5 ಸಹಿ ಇಟ್ಟುಕೊಂಡಿರುತ್ತದೆ, ಹಾಳಾದ ಫೈಲಿನ ಹೆಸರನ್ನು ಅದೇ ತೋರಿಸುತ್ತದೆ. ಅದನ್ನು ಇನ್ನೊಂದು ಡಿಸ್ಕಿನಿಂದ ತೆಗೆದು ಹಾಕಿಕೊಳ್ಳಿ.